ಬದುಕಿ ಉಳಿದ ಕಂಪೆನಿ, ಬರಿದಾದ ಊರು

(ಮಲೆನಾಡಿನ ಕೈಗಾರಿಕೆಗಳು ಮತ್ತು ಸರಕಾರದ ಹೊಣೆಯ ಕುರಿತು ಮೂಡಿಗೆರೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪುನಶ್ಚೇತನ ಎಂಬ ಪದವನ್ನು ನಾವು ಇತ್ತೀಚೆಗೆ ಮತ್ತೆ ಮತ್ತೆ ಕೇಳುತ್ತಿದ್ದೇವೆ. ಭದ್ರಾವತಿಯ ಪುನಶ್ಚೇತನ, ವಿಶಾಖಪಟ್ಟಣದ ಪುನಶ್ಚೇತನ, ಮುಚ್ಚಿದ ಗಿರಣಿಗಳ ಪುನಶ್ಚೇತನ. ಪ್ರತಿ ಚುನಾವಣೆಯ ಮುನ್ನ ಈ ಪದ ವೇದಿಕೆ ಏರುತ್ತದೆ; ಪ್ರತಿ ಚುನಾವಣೆಯ ಬಳಿಕ ಕಡತದೊಳಗೆ ಮಲಗುತ್ತದೆ. ಸರಕಾರವು ಸೊರಗಿದ ಕೈಗಾರಿಕೆಗೆ ಕೈಕೊಡಬೇಕೇ ಬೇಡವೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ದೀರ್ಘಕಾಲದಿಂದ ವಾದಿಸುತ್ತಿದ್ದಾರೆ. ಆ ವಾದವನ್ನು ಇಲ್ಲಿ ಮುಂದುವರಿಸುವುದು ನನ್ನ ಉದ್ದೇಶವಲ್ಲ. ನೆರವು ಬಂದಾಗ ಅದು ತಲುಪುವುದು ಯಾರನ್ನು? ಕಂಪೆನಿಯನ್ನೇ, ಕಾರ್ಮಿಕನನ್ನೇ, ಅಥವಾ ಆ ಕಂಪೆನಿಯ ಸುತ್ತ ಬೆಳೆದ ಊರನ್ನೇ? ಈ ಪ್ರಶ್ನೆಯನ್ನು ಮೂಡಿಗೆರೆಯಲ್ಲಿ ನಿಂತು ಕೇಳುವುದಕ್ಕೆ ಒಂದು ವಿಶೇಷ ಕಾರಣವಿದೆ. ಇದಕ್ಕೆ ಉತ್ತರ ಇಲ್ಲಿಂದ ಕೆಲವು ಗಂಟೆಗಳ ಹಾದಿಯಲ್ಲಿ, ಕಳಸದ ಆಚೆ, ಕುದುರೆಮುಖದಲ್ಲಿ ಬಾಗಿಲು ಹಾಕಿಕೊಂಡು ನಿಂತಿದೆ.

ಈಗ ಕಳಸ ಪ್ರತ್ಯೇಕ ತಾಲೂಕಾಗಿದೆ. ಆದರೆ ಕುದುರೆಮುಖ ಬೆಳೆದದ್ದೂ ಬರಿದಾದದ್ದೂ ಮೂಡಿಗೆರೆ ತಾಲೂಕಿನ ಊರಾಗಿಯೇ. ಆದ್ದರಿಂದ ಅದರ ಕಥೆಯನ್ನು ನಾವು ಬೇರೆ ಯಾರದೋ ಕಥೆಯೆಂದು ಕೇಳುವಂತಿಲ್ಲ.

ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇದೆಯೆಂದು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಷ್ಟು ಹಿಂದೆಯೇ ಗುರುತಿಸಿದ್ದರು. ಅದಿರು ಅಪಾರವಾಗಿತ್ತು, ಆದರೆ ಬಡಕಲಾಗಿತ್ತು. ಸುಮಾರು ಮೂರು ಟನ್ ಅದಿರನ್ನು ಅರೆದು ತೊಳೆದರೆ ಒಂದು ಟನ್ ಸರಕು ಸಿಗುವಂಥದು. ಹೀಗಾಗಿ ಆರು ದಶಕಗಳ ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 1975ರಲ್ಲಿ ಇರಾನಿನ ಶಹಾ ಈ ಅದಿರನ್ನು ಕೊಳ್ಳಲು ಮುಂದೆ ಬಂದ. ಅದಕ್ಕಾಗಿ 63 ಕೋಟಿ ಡಾಲರ್ ಸಾಲ ಕೊಡುವುದಾಗಿ ಒಪ್ಪಂದವಾಯಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಗೊಂಡಿತು. ಕಾಡಿನ ನಡುವೆ ಮಲ್ಲೇಶ್ವರದಲ್ಲಿ ಹೊಸ ನಗರವೊಂದು ಎದ್ದಿತು. ಘಟ್ಟದ ಕೆಳಗಿನ ಮಂಗಳೂರಿಗೆ 67 ಕಿಲೋಮೀಟರ್ ಉದ್ದದ ಕೊಳವೆ ಹಾಕಲಾಯಿತು. ಪುಡಿಮಾಡಿದ ಅದಿರು ನೀರಿನೊಡನೆ ಕೆಸರಾಗಿ ಬೆಟ್ಟ ಇಳಿದು ಪಣಂಬೂರಿನ ಕಡಲತಡಿಗೆ ಹರಿಯುವ ವ್ಯವಸ್ಥೆ ಅದು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಯೋಜನೆ. 1978ರಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತು ಇಡೀ ದೇಶದ ಕಣ್ಣು ಈ ಜಿಲ್ಲೆಯ ಮೇಲೆ ನೆಟ್ಟಿದ್ದಾಗ ಆ ಬೆಟ್ಟದಲ್ಲಿ ಹಗಲಿರುಳು ಕೆಲಸ ನಡೆಯುತ್ತಿತ್ತು.

ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. 1979ರಲ್ಲಿ ಶಹಾ ದೇಶ ಬಿಟ್ಟು ಹೋದ. ಹೊಸ ಸರಕಾರಕ್ಕೆ ಈ ಅದಿರು ಬೇಕಿರಲಿಲ್ಲ. ಒಪ್ಪಿದ್ದ 63 ಕೋಟಿ ಡಾಲರಿನಲ್ಲಿ ಬಂದದ್ದು 25.5 ಕೋಟಿ ಮಾತ್ರ. ಕೊಳ್ಳುವವನೇ ಇಲ್ಲದ ಗಣಿಯೊಂದು ಭಾರತ ಸರಕಾರದ ಕೈಯಲ್ಲಿ ಉಳಿಯಿತು. ಆಗ ದೆಹಲಿ ಏನು ಮಾಡಿತು? ಉಳಿದ ಹಣವನ್ನು ತಾನೇ ಹಾಕಿತು. ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿತು. ಕಾನ್ಸಂಟ್ರೇಟ್ ಎಂದು ಕರೆಯುವ ಸಾರೀಕೃತ ಅದಿರಿಗೆ ಬೇಡಿಕೆ ಸಾಲದೆಂದು ಪಣಂಬೂರಿನಲ್ಲಿ ಪೆಲೆಟ್, ಅಂದರೆ ಅದಿರಿನ ಉಂಡೆ ಕಟ್ಟುವ ಕಾರ್ಖಾನೆಯನ್ನು ಸ್ಥಾಪಿಸಿತು. ಅದು 1987ರಲ್ಲಿ ಉತ್ಪಾದನೆ ಆರಂಭಿಸಿತು. ಈ ಸಂಗತಿಯನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಸರಕಾರದ ಬಳಿ ಹಣವಿಲ್ಲ, ಮಾರುಕಟ್ಟೆ ಇಲ್ಲದ ಉದ್ಯಮವನ್ನು ನಡೆಸುವುದು ಸರಕಾರದ ಕೆಲಸವಲ್ಲ ಎಂಬ ಉಪದೇಶವನ್ನು ಮುಂದೆ ನಾವು ಬಹಳ ಕೇಳಲಿದ್ದೇವೆ. ಮನಸ್ಸು ಮಾಡಿದರೆ ಹಣ ಬರುತ್ತದೆ, ಮಾರುಕಟ್ಟೆಯೂ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ತಾಲೂಕಿನ ಬೆಟ್ಟವೇ ಸಾಕ್ಷಿ ಹೇಳುತ್ತಿದೆ.

ಇದರ ಇನ್ನೊಂದು ಮುಖ ನಿಮಗೆ ಗೊತ್ತಿದೆ. ಕುದುರೆಮುಖದ ಸೀಮೆ ತುಂಗಾ, ಭದ್ರಾ, ನೇತ್ರಾವತಿ ನದಿಗಳ ತವರು. ಅಲ್ಲಿ ಸುರಿಯುವ ಮಳೆಯ ಬಗ್ಗೆ ಮಲೆನಾಡಿಗರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಮಳೆಗೆ ಬಗೆದ ಬೆಟ್ಟವನ್ನು ಒಡ್ಡಿದರೆ ಏನಾದೀತು? ಮಣ್ಣು ಭದ್ರೆಗೆ ಇಳಿಯಿತು. ಅದಿರು ತೆಗೆದ ಮೇಲೆ ಉಳಿದ ಹೂಳನ್ನು ಹಿಡಿದಿಡಲು ಲಖ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಲಾಯಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ವಿಪರ್ಯಾಸವನ್ನು ಗಮನಿಸಿ: ತಲೆಮಾರುಗಳಿಂದ ಆ ಕಾಡಿನಲ್ಲಿ ಬದುಕಿದ ಮಲೆಕುಡಿಯರಿಗೂ ಇತರ ಬಡ ಕೃಷಿಕರಿಗೂ ಕಾಡು ಬಿಟ್ಟು ಹೋಗಿ ಎನ್ನಲಾಯಿತು, ಅದೇ ಕಾಲದಲ್ಲಿ ಅದೇ ಕಾಡಿನ ನಡುವೆ ಯಂತ್ರಗಳು ಬೆಟ್ಟ ಬಗೆಯುತ್ತಲೇ ಇದ್ದವು. ಕಾನೂನಿಗೆ ಎರಡು ಕಣ್ಣುಗಳಿರುತ್ತವೆ, ಎರಡೂ ಒಂದೇ ಕಡೆ ನೋಡಬೇಕೆಂದಿಲ್ಲ.

30 ವರ್ಷಗಳ ಗಣಿ ಗುತ್ತಿಗೆ 1999ರ ಜುಲೈಯಲ್ಲಿ ಮುಗಿಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಕೊನೆಯೊಳಗೆ ಗಣಿಗಾರಿಕೆಯನ್ನು ಮುಗಿಸಬೇಕೆಂದಿತು. 2005ರ ಡಿಸೆಂಬರ್ 31ರಂದು ಗಣಿ ನಿಂತಿತು.

ಆ ತೀರ್ಪು ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದೇನೆ. ಯಾಕೆಂದರೆ ಕಾರ್ಮಿಕರ ಪರ ಮಾತಾಡುವವರು ಕಾಡಿನ ವಿರೋಧಿಗಳೆಂದೂ ಕಾಡಿನ ಪರ ಮಾತಾಡುವವರು ಕಾರ್ಮಿಕರ ವಿರೋಧಿಗಳೆಂದೂ ಬಿಂಬಿಸುವುದು ನಮ್ಮಲ್ಲಿ ರೂಢಿಯಾಗಿದೆ. ಭದ್ರೆಯ ನೀರು ಕುಡಿಯುವವರೂ ಅದರ ನೀರಿನಲ್ಲಿ ಬೆಳೆ ತೆಗೆಯುವವರೂ ಬಡವರೇ. ನದಿಯ ತಲೆಯ ಮೇಲೆ ಗಣಿ ಮುಂದುವರಿಯಬೇಕಿತ್ತು ಎಂದು ವಾದಿಸುವ ಧೈರ್ಯ ನನಗಿಲ್ಲ. ಆದರೆ ನ್ಯಾಯಾಲಯದ ಆದೇಶ ಬಂದದ್ದಕ್ಕೂ ಗಣಿಯ ಯಂತ್ರ ನಿಂತದ್ದಕ್ಕೂ ನಡುವೆ ಮೂರು ವರ್ಷ ಎರಡು ತಿಂಗಳುಗಳ ಅವಧಿಯಿತ್ತು. ದಿಢೀರನೆ ಎರಗಿದ ಆಪತ್ತು ಅದಾಗಿರಲಿಲ್ಲ. ಪಂಚಾಂಗ ನೋಡಿ ದಿನ ಹೇಳಬಹುದಾಗಿದ್ದ ಆಪತ್ತು. ಆ ಅವಧಿಯಲ್ಲಿ ದೆಹಲಿಯಲ್ಲಿ ಮೊದಲು ವಾಜಪೇಯಿ ಸರಕಾರವಿತ್ತು, ಬಳಿಕ ಮನಮೋಹನ್ ಸಿಂಗ್ ಸರಕಾರ ಬಂತು. ಬೆಂಗಳೂರಿನಲ್ಲಿ ಮೊದಲು ಎಸ್.ಎಂ. ಕೃಷ್ಣ, ಬಳಿಕ ಧರಂ ಸಿಂಗ್ ಇದ್ದರು. ಆದ್ದರಿಂದ ಈ ಪಕ್ಷ ಆ ಪಕ್ಷ ಎಂದು ಬೆರಳು ತೋರಿಸುವ ಅನುಕೂಲ ಇಲ್ಲಿ ಯಾರಿಗೂ ಇಲ್ಲ.

ಕಂಪೆನಿ ಬದುಕಿತು. ಅದು ಛತ್ತೀಸ್‌ಗಡದ ಬೈಲಾಡಿಲದಿಂದ ಅದಿರಿನ ಪುಡಿಯನ್ನು ಕೊಂಡು, ವಿಶಾಖಪಟ್ಟಣದ ಬಂದರಿನಿಂದ ಹಡಗಿನಲ್ಲಿ ಇಡೀ ದಕ್ಷಿಣ ಭಾರತವನ್ನು ಸುತ್ತಿಸಿ ಪಣಂಬೂರಿಗೆ ತಂದು ಪೆಲೆಟ್ ಮಾಡತೊಡಗಿತು. ಬೆಟ್ಟದ ಬುಡದಲ್ಲಿ ಕಟ್ಟಿದ ಕಾರ್ಖಾನೆಗೆ ಸಾವಿರಾರು ಕಿಲೋಮೀಟರ್ ದೂರದ ಬೆಟ್ಟದಿಂದ ಅದಿರು! ಪಣಂಬೂರಿನ ಊದುಕುಲುಮೆ 2009ರಲ್ಲಿ ನಿಂತಿತು. ಕಂಪೆನಿಯ ಹೆಸರು ನಾಲ್ಕೈದು ಇಂಗ್ಲಿಷ್ ಅಕ್ಷರಗಳಿಗೆ ಕುಗ್ಗಿ ಕೆಐಒಸಿಎಲ್ ಆಯಿತು. ಕುದುರೆಮುಖ ಎಂಬ ಊರು ಅದರಲ್ಲಿ ಒಂದು ಅಕ್ಷರವಾಗಿ ಉಳಿಯಿತು. ಆ ಕಂಪೆನಿಯನ್ನು ಉಳಿಸಲು ಸರಕಾರ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಒಪ್ಪಬೇಕು. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ದೇವದಾರಿ ಬೆಟ್ಟದ ಗಣಿಯನ್ನು 2017ರಲ್ಲಿ ಅದಕ್ಕಾಗಿ ಕಾಯ್ದಿರಿಸಲಾಯಿತು. 2023ರ ಜನವರಿಯಲ್ಲಿ ಗುತ್ತಿಗೆ ಪತ್ರವಾಯಿತು. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರ ಉಕ್ಕು ಸಚಿವರಾದೊಡನೆ ಸಹಿ ಹಾಕಿದ ಆರಂಭದ ಕಡತಗಳಲ್ಲಿ ಇದೂ ಒಂದು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರಗಳು ಹೋಗಲಿವೆ ಎಂಬ ಕೂಗು ಎದ್ದಿತು. ಕುದುರೆಮುಖದಲ್ಲಿ ಮಾಡಿದ ಹಾನಿಯ ಬಾಕಿಯನ್ನು ಮೊದಲು ತೀರಿಸಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಭೂಮಿಯ ಹಸ್ತಾಂತರಕ್ಕೆ ತಡೆಯೊಡ್ಡಿದರು.

ಈ ಜಗ್ಗಾಟದಲ್ಲಿ ಅರಣ್ಯದ ಹಾನಿಗೆ ಲೆಕ್ಕವಿದೆ, ಕಂಪೆನಿಯ ನಷ್ಟಕ್ಕೆ ಲೆಕ್ಕವಿದೆ. ಮಲ್ಲೇಶ್ವರದ ನಗರದಲ್ಲಿ ಬದುಕು ಕಟ್ಟಿಕೊಂಡವರ ಲೆಕ್ಕ ಎಲ್ಲಿದೆ? ಖಾಯಂ ನೌಕರರಿಗೆ ವರ್ಗಾವಣೆಯಾಯಿತು, ಸ್ವಯಂ ನಿವೃತ್ತಿಯ ಹಣ ಬಂತು. ಅವರೂ ನೊಂದರು, ಇಲ್ಲವೆನ್ನಲಾರೆ. ಆದರೆ ಗುತ್ತಿಗೆದಾರನ ಕೈಕೆಳಗೆ ದುಡಿದವನಿಗೆ ವರ್ಗಾವಣೆ ಎಂಬುದು ಇರುವುದಿಲ್ಲ, ನಿವೃತ್ತಿ ಎಂಬುದೂ ಇರುವುದಿಲ್ಲ. ನಾಳೆಯಿಂದ ಬರಬೇಡ ಎಂಬ ಒಂದು ಮಾತು ಇರುತ್ತದೆ, ಅಷ್ಟೇ. ಕ್ವಾರ್ಟರ್ಸುಗಳಿಗೆ ಹಾಲು ಹಾಕುತ್ತಿದ್ದವರು, ಸಂತೆಗೆ ತರಕಾರಿ ತರುತ್ತಿದ್ದವರು, ಹೊಲಿಗೆಯವರು, ಕ್ಷೌರಿಕರು, ಮೀನಿನ ಬುಟ್ಟಿ ಹೊತ್ತು ಘಟ್ಟ ಹತ್ತಿ ಬರುತ್ತಿದ್ದ ಬ್ಯಾರಿಗಳು, ಜೀಪು ಓಡಿಸುತ್ತಿದ್ದವರು, ಹೋಟೆಲಿನ ಮಾಣಿಗಳು, ಮನೆಗೆಲಸದ ಹೆಂಗಸರು. ಇವರು ಯಾವ ಕಂಪೆನಿಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದವನಿಗೆ ಪ್ಯಾಕೇಜು ಹೇಗೆ ಬಂದೀತು?

ನಮ್ಮ ಕನ್ನಡದಲ್ಲಿ ಅಮಾನತ್ತು ಎಂಬ ಪದವಿದೆ. ನೌಕರನನ್ನು ಅಮಾನತ್ತಿನಲ್ಲಿ ಇಡುವುದೆಂದರೆ ಕೆಲಸದಿಂದ ಹೊರಗಿಡುವುದು. ಅರಬಿ ಮೂಲದಲ್ಲಿ ಆ ಪದದ ಅರ್ಥ ಪೂರ್ತಿ ಬೇರೆ: ನಂಬಿಕೆಯಿಂದ ಇನ್ನೊಬ್ಬರ ವಶಕ್ಕೆ ಒಪ್ಪಿಸಿದ ಸೊತ್ತು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಕಚೇರಿಯ ಭಾಷೆಯ ದಾರಿಯಲ್ಲಿ ನಂಬಿಕೆ ಹೇಗೆ ವಜಾ ಆಯಿತೋ ಭಾಷಾತಜ್ಞರು ಹೇಳಬೇಕು. ಕುದುರೆಮುಖದಲ್ಲಂತೂ ಬೆಟ್ಟವೂ ದುಡಿಯುವ ಕೈಯೂ ಸರಕಾರದ ಬಳಿ ಮೊದಲನೆಯ ಅರ್ಥದಲ್ಲಿ ಇದ್ದವು, ಎರಡನೆಯ ಅರ್ಥದಲ್ಲಿ ಮುಗಿದವು.

ಇನ್ನು ಭದ್ರಾವತಿ. ಅದು ಶಿವಮೊಗ್ಗ ಜಿಲ್ಲೆಯದಾದರೂ ಅದರ ಬೇರು ನಮ್ಮ ಜಿಲ್ಲೆಯಲ್ಲಿದೆ. 1918ರಲ್ಲಿ ಆರಂಭಿಸಿ 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಆ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲಿನ ಬದಲು ಉರಿದದ್ದು ಮಲೆನಾಡಿನ ಮರಗಳ ಇದ್ದಿಲು. ವಿಶ್ವೇಶ್ವರಯ್ಯನವರು ಮುನ್ನಡೆಸಿದ, ಮುಂದೆ ಅವರ ಹೆಸರನ್ನೇ ಹೊತ್ತ ಆ ಕಾರ್ಖಾನೆಯನ್ನು 1989ರಲ್ಲಿ ಉಕ್ಕು ಪ್ರಾಧಿಕಾರ ತನ್ನ ಅಂಗಸಂಸ್ಥೆ ಮಾಡಿಕೊಂಡಿತು, 1998ರಲ್ಲಿ ತನ್ನೊಳಗೆ ವಿಲೀನಗೊಳಿಸಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಅದಕ್ಕೆ ಸ್ವಂತ ಅದಿರು ಇಲ್ಲವಾಯಿತು. ಮಾರಲು ಹೊರಟರು, ಕೊಳ್ಳುವವರು ಸಿಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮಾರಾಟವನ್ನು ಕೈಬಿಟ್ಟು 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಮಾಡಿದರು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. 2024ರ ಜೂನ್ 30ರಂದು ಕುಮಾರಸ್ವಾಮಿಯವರು ಕಾರ್ಖಾನೆಗೆ ಭೇಟಿಯಿತ್ತು ಪುನಶ್ಚೇತನದ ಭರವಸೆ ನೀಡಿದರು. ಅದೇ ಸಚಿವಾಲಯದ ಅಧೀನದಲ್ಲಿರುವ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ 2025ರ ಜನವರಿಯಲ್ಲಿ ಕೇಂದ್ರ ಸಂಪುಟ 11,440 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ವಿಶಾಖಪಟ್ಟಣದ ಕಾರ್ಮಿಕರಿಗೆ ಅದು ಸಿಕ್ಕದ್ದು ನನಗೆ ಸಂತೋಷವೇ. ಅವರು ಅದಕ್ಕಾಗಿ ವರ್ಷಗಳ ಕಾಲ ಬೀದಿಯಲ್ಲಿ ಹೋರಾಡಿದ್ದಾರೆ. ಆದರೆ ಕೇಂದ್ರದಲ್ಲಿ ಸರಕಾರವನ್ನು ಹಿಡಿದು ನಿಲ್ಲಿಸಿದ ಪಕ್ಷಗಳಲ್ಲಿ ಆಂಧ್ರದ ತೆಲುಗು ದೇಶಂ ಒಂದಾಗಿರದಿದ್ದರೆ ಆ ಕಡತ ಅಷ್ಟು ಬೇಗ ಸಂಪುಟದ ಮೇಜಿಗೆ ಬರುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಅವರನ್ನು ದೇಶದ್ರೋಹಿ ಎನ್ನಲಾಗದು. ಕೈಗಾರಿಕಾ ನೀತಿ ಎಂಬುದು ಸಂಸತ್ತಿನ ತಲೆ ಎಣಿಕೆಯಾದರೆ, ತಲೆಗಳು ಕಡಿಮೆಯಿರುವ ಊರುಗಳು ಏನು ಮಾಡಬೇಕು?

ಹೊರದೇಶಗಳಲ್ಲಿ ಇದನ್ನು ಹೇಗೆ ಎದುರಿಸಿದರು ಎಂಬುದರಿಂದ ನಾವು ಕಲಿಯಬೇಕಾದದ್ದಿದೆ. ಜರ್ಮನಿಯ ರೂರ್ ಪ್ರದೇಶ ಒಂದು ಕಾಲದಲ್ಲಿ ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕಿನ ಕಣಜ. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿ, ಬಾಟ್ರೋಪ್ ಎಂಬ ಊರಿನದು, 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹೀಗೆ ಮುಚ್ಚುವುದೆಂದು ಅವರು 2007ರಲ್ಲೇ ತೀರ್ಮಾನಿಸಿ, ಹನ್ನೊಂದು ವರ್ಷಗಳನ್ನು ಅದಕ್ಕಾಗಿ ಮೀಸಲಿಟ್ಟರು. ಕಾರ್ಮಿಕರಿಗೆ ಅವಧಿಪೂರ್ವ ಪಿಂಚಣಿ, ಮರುತರಬೇತಿಗಳ ವ್ಯವಸ್ಥೆ ಮಾಡಿದರು. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಶತಮಾನಗಳ ಗಣಿಗಾರಿಕೆಯಿಂದ ಅಲ್ಲಿನ ನೆಲ ಹಲವೆಡೆ ಕುಸಿದಿದೆ. ಪಂಪುಗಳನ್ನು ನಿಲ್ಲಿಸಿದರೆ ಊರುಗಳೇ ನೀರಿನಲ್ಲಿ ಮುಳುಗುತ್ತವೆ. ಆದ್ದರಿಂದ ಆ ಪಂಪುಗಳನ್ನು ಎಂದೆಂದಿಗೂ ನಡೆಸುತ್ತಲೇ ಇರಬೇಕು. ಈ ಶಾಶ್ವತ ಹೊರೆಗಾಗಿಯೇ 2007ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಬಂಡವಾಳ ಒದಗಿಸಲಾಯಿತು. ವರ್ಷಕ್ಕೆ 20 ಕೋಟಿ ಯೂರೋಗಳಿಗೂ ಮಿಕ್ಕ ಖರ್ಚನ್ನು ಅದು ಹೊರುತ್ತದೆ. ಲಖ್ಯಾ ಅಣೆಕಟ್ಟಿನ ಹಿಂದೆ ಎರಡೂವರೆ ದಶಕಗಳ ಹೂಳು ಕೂತಿದೆ. ಗಣಿ ನಿಂತಿತೆಂದು ಆ ಹೂಳು ಎಲ್ಲಿಗೂ ಹೋಗಿಲ್ಲ, ಮಳೆಯೂ ನಿಂತಿಲ್ಲ. ಆ ಅಣೆಕಟ್ಟನ್ನು ಇನ್ನೂ ನೂರು ವರ್ಷ ಕಾಯುವವರು ಯಾರು, ಯಾವ ಹಣದಿಂದ, ಕಂಪೆನಿಯೇ ನಾಳೆ ಇಲ್ಲವಾದರೆ ಹೊಣೆ ಯಾರದು? ಪುನಶ್ಚೇತನದ ಬಗ್ಗೆ ಮಾತಾಡುವ ಯಾವ ಸಚಿವರ ಬಾಯಲ್ಲೂ ಈ ಪ್ರಶ್ನೆ ಬಂದದ್ದನ್ನು ನಾನು ಕೇಳಿಲ್ಲ. ಬೇರೆಯೆಲ್ಲ ಬದಿಗಿರಲಿ, ಆ ಕಟ್ಟೆಯ ಕಾವಲು, ಬಗೆದ ಬೆಟ್ಟದ ಮೇಲೆ ಹುಲ್ಲು ಗಿಡ ಎಬ್ಬಿಸುವುದು, ಹಳ್ಳಗಳ ಹೂಳೆತ್ತುವುದು ಇವೇ ನೂರಾರು ಸ್ಥಳೀಯರಿಗೆ ವರ್ಷಗಟ್ಟಲೆ ಕೆಲಸ ಕೊಡಬಲ್ಲ ಉದ್ಯೋಗಗಳು.

ರೂರಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು ಎಂದೇನೂ ಅಲ್ಲ. ಬೋಖುಮ್ ನಗರದಲ್ಲಿ ಗಣಿ ಮುಚ್ಚಿದ ಜಾಗಕ್ಕೆ 1962ರಲ್ಲಿ ಓಪೆಲ್ ಕಂಪೆನಿಯ ಕಾರು ಕಾರ್ಖಾನೆಯನ್ನು ಕರೆತಂದರು. ಇನ್ನು ಚಿಂತೆಯಿಲ್ಲ ಎಂದುಕೊಂಡರು. ಅದೂ 2014ರಲ್ಲಿ ಬಾಗಿಲು ಹಾಕಿತು. 1965ರಲ್ಲಿ ಅದೇ ನಗರದಲ್ಲಿ ತೆರೆದ ವಿಶ್ವವಿದ್ಯಾನಿಲಯ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಅಮೆರಿಕದ ಓಹಯೋ ರಾಜ್ಯದ ಯಂಗ್ಸ್‌ಟೌನ್ ಎಂಬ ಊರಿನ ಕಥೆ ನಮ್ಮಂಥ ಸಭೆಯಲ್ಲಿ ವಿಶೇಷವಾಗಿ ಹೇಳಬೇಕಾದದ್ದು. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಯೊಂದನ್ನು ಮುಚ್ಚುವ ಘೋಷಣೆಯಾಯಿತು. ಸುಮಾರು 5,000 ಜನರ ಕೆಲಸ ಹೋಗುವುದಿತ್ತು. ಆಗ ಮುಂದೆ ಬಂದವರು ಯಾರು ಗೊತ್ತೇ? ಆ ಊರಿನ ಧರ್ಮಗುರುಗಳು. ಕೆಥೊಲಿಕ್ ಬಿಷಪರು, ಪ್ರೊಟೆಸ್ಟೆಂಟ್ ಪಾದ್ರಿಗಳು, ಯಹೂದಿ ರಬ್ಬಿಗಳು ಒಂದು ಒಕ್ಕೂಟ ಮಾಡಿಕೊಂಡರು. ಕಾರ್ಖಾನೆಯನ್ನು ಊರಿನವರೂ ಕಾರ್ಮಿಕರೂ ಸೇರಿ ಕೊಂಡು ನಡೆಸಬೇಕೆಂಬ ಯೋಜನೆ ತಯಾರಿಸಿದರು. ಅದಕ್ಕಾಗಿ ಬ್ಯಾಂಕುಗಳಲ್ಲಿ ಉಳಿತಾಯ ಖಾತೆ ತೆರೆಯುವಂತೆ ಜನರಿಗೆ ಕರೆ ಕೊಟ್ಟರು. ಸಾಲಕ್ಕೆ ಖಾತರಿ ನಿಲ್ಲಿ ಎಂದು ಸರಕಾರವನ್ನು ಕೇಳಿದರು. 1979ರಲ್ಲಿ ಸರಕಾರ ಆಗದು ಎಂದಿತು. ಅದೇ ಸರಕಾರ ಕೆಲವೇ ತಿಂಗಳುಗಳಲ್ಲಿ ಕ್ರೈಸ್ಲರ್ ಕಾರು ಕಂಪೆನಿಗೆ 150 ಕೋಟಿ ಡಾಲರ್ ಸಾಲದ ಖಾತರಿ ನೀಡಿತು. ಧರ್ಮಗುರುಗಳು ಸೋತರು. ಆದರೆ ಅವರು ಯಾವ ವಿಷಯಕ್ಕಾಗಿ ಒಟ್ಟಾಗಿದ್ದರು ಎಂಬುದನ್ನು ನೋಡಿ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಕುದುರೆಮುಖದ ಗಣಿಗೆ ಎರಡು ವರ್ಷಗಳ ಆಯುಷ್ಯ ಉಳಿದಿದ್ದ 2003ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಹೆಸರು ಪತ್ರಿಕೆಗಳ ಮುಖಪುಟದಲ್ಲಿತ್ತು. ಕಾರಣ ಗಣಿಯಲ್ಲ, ಬಾಬಾಬುಡನ್‌ಗಿರಿ. ಒಂದು ಬೆಟ್ಟದ ಗುಹೆ ಯಾರದು ಎಂದು ಜಿಲ್ಲೆ ಎರಡು ಪಾಳೆಯಗಳಾಗಿ ನಿಂತಿತ್ತು. ಇನ್ನೊಂದು ಬೆಟ್ಟದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಎಲ್ಲರ ಅನ್ನದ ತಟ್ಟೆ ಒಟ್ಟಿಗೆ ಮಗುಚುತ್ತಿತ್ತು. ಆ ವಿವಾದವನ್ನು ಹುಟ್ಟುಹಾಕಿದವರ ತಪ್ಪು ದೊಡ್ಡದು, ಅದನ್ನು ಎದುರಿಸಿ ನಿಂತ ಸೌಹಾರ್ದವಾದಿಗಳಿಗೆ ನಾವು ಋಣಿಗಳು. ಆದರೆ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಆ ಎರಡು ವರ್ಷಗಳಲ್ಲಿ ನಮ್ಮ ಜಮಾಅತ್ ಸಭೆಗಳಲ್ಲಿ, ಶುಕ್ರವಾರದ ಪ್ರವಚನಗಳಲ್ಲಿ, ನಮ್ಮದೇ ಪತ್ರಿಕೆಗಳ ಪುಟಗಳಲ್ಲಿ ಕುದುರೆಮುಖದ ಗುತ್ತಿಗೆ ಕಾರ್ಮಿಕನಿಗೆ ಎಷ್ಟು ಸಾಲು ಸಿಕ್ಕಿತು? ದರ್ಗಾದ ಬಗ್ಗೆ ಬರೆದ ಲೇಖನಗಳನ್ನು ಎಣಿಸಲು ಕೈಬೆರಳು ಸಾಲವು. ಗಣಿಯ ಬಗ್ಗೆ ಬರೆದವುಗಳನ್ನು ಎಣಿಸಲು ಒಂದು ಕೈ ಹೆಚ್ಚಾಯಿತು. ಅಂದು ಊರು ಬಿಟ್ಟವರಲ್ಲಿ ನಮ್ಮವರೂ ಇದ್ದರು. ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿಗೆ ಹೋದರು. ಹೋದವರು ಹೋದರು ಎಂದುಕೊಂಡು ನಾವು ಮಸೀದಿಯ ಮೇಲ್ಛಾವಣಿಗೆ ಅವರಿಂದಲೇ ಚಂದಾ ತರಿಸಿಕೊಂಡೆವು.

ಹಾಗಾದರೆ ಈ ಸೀಮೆಗೆ ಯಾವ ಕೈಗಾರಿಕೆ ಬೇಕು? ಇನ್ನೊಂದು ಗಣಿಯಂತೂ ಖಂಡಿತ ಬೇಡ. ನೀವು ಬೆಳೆಯುವುದನ್ನೇ ನೋಡಿ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಅದರ ಹೆಚ್ಚಿನ ಪಾಲು ಚಿಕ್ಕಮಗಳೂರು, ಕೊಡಗು, ಹಾಸನದ್ದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ನೂರು ವರ್ಷ ಕಂಡಿದೆ. ಬೆಳೆಯುವ ವಿದ್ಯೆಯಲ್ಲಿ ನಮಗೆ ಕೊರತೆಯಿಲ್ಲ. ಆದರೆ ಬೆಳೆದ ಕಾಫಿ ಇಲ್ಲಿಂದ ಮೂಟೆಯಲ್ಲಿ ಹಸಿ ಬೀಜವಾಗಿಯೇ ಹೊರಡುತ್ತದೆ. ಅದನ್ನು ಇನ್‌ಸ್ಟಂಟ್ ಪುಡಿ ಮಾಡುವ ದೊಡ್ಡ ಕಾರ್ಖಾನೆಗಳು ಎಲ್ಲಿವೆ? ಆಂಧ್ರದ ದುಗ್ಗಿರಾಲದಲ್ಲಿದೆ, ತೆಲಂಗಾಣದ ತೂಪ್ರಾನಿನಲ್ಲಿದೆ, ನಮ್ಮ ರಾಜ್ಯದಲ್ಲೇ ಆದರೆ ನಂಜನಗೂಡಿನಲ್ಲಿದೆ. ಇವು ಯಾವುವೂ ಕಾಫಿ ಬೆಳೆಯುವ ಊರುಗಳಲ್ಲ. ರಸ್ತೆ, ವಿದ್ಯುತ್ತು, ನೀರು, ತೆರಿಗೆ ರಿಯಾಯಿತಿ ಇವನ್ನೆಲ್ಲ ತೂಗಿ ನೋಡಿ ಕಾರ್ಖಾನೆ ಬಯಲಿಗೆ ಇಳಿಯುತ್ತದೆ. 1996ರಲ್ಲಿ ಕಾಫಿ ಮಾರಾಟ ಸಂಪೂರ್ಣ ಮುಕ್ತವಾಗುವ ಮೊದಲು ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ, ಕ್ಯೂರಿಂಗ್ ವರ್ಕ್ಸುಗಳ ಮೂಲಕ ಹೋಗುತ್ತಿತ್ತು. ಅಲ್ಲಿ ನೂರಾರು ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ ಹೆಕ್ಕುತ್ತಿದ್ದರು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದ ಮೇಲೆ ಆ ಸಾಲುಗಳು ಕರಗಿದವು. ಯಂತ್ರ ಬರಬಾರದೆಂದು ನಾನು ಹೇಳುತ್ತಿಲ್ಲ. ಹೆಕ್ಕುವ ಕೆಲಸ ಕಳೆದುಕೊಂಡವಳಿಗೆ ಹುರಿಯುವ, ಪುಡಿಮಾಡುವ, ಪೊಟ್ಟಣ ಕಟ್ಟುವ ಕೆಲಸವನ್ನು ಅದೇ ಊರಿನಲ್ಲಿ ಹುಟ್ಟಿಸುವುದು ಅಸಾಧ್ಯವಿತ್ತೇ?

ಕೈಗಾರಿಕೆಗೆ ಸರಕಾರದ ನೆರವು ಇಲ್ಲವೆಂದಲ್ಲ. ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ ಎಂಬ ಯೋಜನೆಯನ್ನು ಕೇಂದ್ರ ಸರಕಾರ 2020ರಿಂದ ಹದಿನಾಲ್ಕು ಕ್ಷೇತ್ರಗಳಿಗೆ ತಂದಿತು. ಅದರ ಒಟ್ಟು ಗಾತ್ರ 1.97 ಲಕ್ಷ ಕೋಟಿ ರೂಪಾಯಿ. ಆದರೆ ಅದರ ತತ್ವವೇನು? ಹೆಚ್ಚು ಹೂಡಿದವನಿಗೆ, ಹೆಚ್ಚು ಮಾರಿದವನಿಗೆ ಹಣ. ಅಂದರೆ ಈಗಾಗಲೇ ಓಡುತ್ತಿರುವ ಕುದುರೆಗೆ ಹುರುಳಿ. ಸಣ್ಣವನಿಗೆ ಸಾಲದ ಯೋಜನೆಗಳು ಬೇರೆ ಇವೆ. ಅವನ್ನು ಪಡೆಯಲು ಬ್ಯಾಂಕಿಗೆ ಹೋಗಿ ನೋಡಿ, ಮೊದಲು ಕೇಳುವುದು ಪಹಣಿ, ಖಾತೆ. ಮಲೆನಾಡಿನ ಎಷ್ಟು ಸಣ್ಣ ಹಿಡುವಳಿದಾರರ ಬಳಿ ವ್ಯಾಜ್ಯವಿಲ್ಲದ ಪಹಣಿ ಇದೆ? ಬಗರ್‌ಹುಕುಂ ಅರ್ಜಿ ತಾಲೂಕು ಕಚೇರಿಯಲ್ಲಿ, ಒತ್ತುವರಿ ನೋಟೀಸು ಅರಣ್ಯ ಇಲಾಖೆಯಿಂದ. ಈ ಎರಡರ ನಡುವೆ ಸಿಕ್ಕಿಕೊಂಡ ಎರಡೆಕರೆಯವನಿಗೆ ಹುರಿಯುವ ಯಂತ್ರಕ್ಕೆ ಸಾಲ ಕೊಡುವವರು ಯಾರು? ಬಡ್ಡಿಯ ಪ್ರಶ್ನೆ ಬೇರೆಯೇ ಇದೆ, ಅದು ಇಂದಿನ ವಿಷಯವಲ್ಲ. ಭೂಮಿಯ ಹಕ್ಕು ಇತ್ಯರ್ಥವಾಗದೆ ಈ ಬೆಟ್ಟಗಳಲ್ಲಿ ಸಣ್ಣ ಕೈಗಾರಿಕೆ ಮೇಲೇಳದು ಎಂಬುದನ್ನು ಕೈಗಾರಿಕಾ ಇಲಾಖೆ ಕಂದಾಯ ಇಲಾಖೆಗೆ ಹೇಳಬೇಕಾಗಿದೆ. ಇವೆರಡೂ ಒಂದೇ ಸರಕಾರದ ಇಲಾಖೆಗಳು ಎಂಬುದನ್ನು ಆಗಾಗ ನೆನಪಿಸಬೇಕಾಗುತ್ತದೆ.

ಒಬ್ಬ ಮಹಾ ಉದ್ಯಮಿಯ ಹೆಗಲ ಮೇಲೆ ಜಿಲ್ಲೆಯ ಭವಿಷ್ಯವನ್ನೆಲ್ಲ ಹೊರಿಸುವುದರ ಅಪಾಯವನ್ನೂ ನಾವು ಕಂಡಿದ್ದೇವೆ. ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರು ಇಲ್ಲಿನ ಕಾಫಿಯನ್ನು ಇಲ್ಲಿಯೇ ಸಂಸ್ಕರಿಸಿ ದೇಶದ ಪೇಟೆಗಳಿಗೆ ಒಯ್ಯಬಹುದೆಂದು ತೋರಿಸಿಕೊಟ್ಟರು. 2019ರ ಜುಲೈಯಲ್ಲಿ ಅವರು ತೀರಿಕೊಂಡಾಗ ಈ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಆತಂಕದ ಮೌನವಿತ್ತು. ಒಂದು ಸಾವಿರ ಸಣ್ಣ ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಇದ್ದಿದ್ದರೆ ಅದು ಒಬ್ಬರ ಸಾವಿನಿಂದ ಕಂಪಿಸುತ್ತಿರಲಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ನೆರವನ್ನು ಕೇಳುವ ಮೊದಲು ನೆರವು ಯಾರಿಗೆ ಎಂಬುದು ಗೊತ್ತಿರಬೇಕು. ಕುದುರೆಮುಖದಲ್ಲಿ ಗುತ್ತಿಗೆಯ ಮೇಲೆ ದುಡಿದವರು, ಅಂಗಡಿ, ಹೋಟೆಲು, ಜೀಪುಗಳಿಂದ ಬದುಕಿದವರು ಎಷ್ಟು ಮಂದಿ, ಈಗ ಎಲ್ಲಿದ್ದಾರೆ? ನಮ್ಮ ಜಮಾಅತ್‌ಗಳ ಬಳಿ ಆ ಪಟ್ಟಿ ಇಲ್ಲ. ಸಂಘಟಕರೊಡನೆ ಮಾತಾಡಿದ್ದೇನೆ, ಅವರ ಬಳಿಯೂ ಇಲ್ಲ. ಸಭಾಂಗಣದ ಬಾಗಿಲ ಬಳಿ ಮೇಜಿನ ಮೇಲೆ ಒಂದು ಖಾಲಿ ರಿಜಿಸ್ಟರ್ ಇಡಲಾಗಿದೆ. ಜಾತಿ ಧರ್ಮದ ಅಂಕಣ ಅದರಲ್ಲಿ ಇಲ್ಲ. ಹೆಸರು, ಮಾಡುತ್ತಿದ್ದ ಕೆಲಸ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಈಗಿನ ಊರು ಇಷ್ಟೇ. ಹಳೆಯ ಗೇಟ್ ಪಾಸು, ಭವಿಷ್ಯನಿಧಿಯ ಚೀಟಿ, ಪಡಿತರ ಚೀಟಿ ಇದ್ದವರು ಅದರ ನಕಲನ್ನು ತಂದುಕೊಡಿ. ತೀರಿಹೋದವರ ಹೆಸರನ್ನು ಮಕ್ಕಳು ಬರೆಸಬಹುದು. ಕೊಲ್ಲಿಯಲ್ಲಿ ಇರುವವರಿಗೆ ಫೋನು ಮಾಡಿ ಕೇಳಿ. ಕಳಸ, ಸಂಸೆ, ಹೊರನಾಡಿನ ಕಡೆಗೂ ಇಂಥದೇ ಪುಸ್ತಕವನ್ನು ಒಯ್ಯಲು ಕೆಲವು ಯುವಕರು ಒಪ್ಪಿದ್ದಾರೆ. ಅವರ ಜೊತೆ ಹೋಗಲು ನಾಲ್ಕು ಜನ ಇನ್ನೂ ಬೇಕು.